ಮಲಪ್ರಭೆಯ ದಂಡೆಯ ಸುಣ್ಣದ ಗೋಡುಮಣ್ಣು: ಗುಣ ಮತ್ತು ವರ್ಗೀಕರಣ



ಈ ವೇದಿಕೆಯಿಂದ ಮಣ್ಣಿನ ಬಗ್ಗೆ ಮಾತನಾಡಿ ಎಂದು ಸಂಚಾಲಕರು ಕೇಳಿದಾಗ ವಿಷಯ ಹುಡುಕಲು ನಾನು ದೂರ ಹೋಗಲಿಲ್ಲ. ಬೆಳಗಾವಿಯಲ್ಲಿ ನಿಂತವರಿಗೆ ಅದರ ಅಗತ್ಯವೂ ಇಲ್ಲ. 1898ರಲ್ಲಿ ಜೆ. ಡಬ್ಲ್ಯು. ಲೆದರ್ ಎಂಬ ಕೃಷಿ ರಸಾಯನತಜ್ಞರು ಭಾರತದ ಮಣ್ಣುಗಳನ್ನು ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ ಎಂದು ನಾಲ್ಕು ದೊಡ್ಡ ಗುಂಪುಗಳಾಗಿ ವಿಂಗಡಿಸಿದರು. ಇಡೀ ದೇಶಕ್ಕೆಂದು ಮಾಡಿದ ಆ ನಾಲ್ಕೂ ಗುಂಪುಗಳು ನಮ್ಮ ಒಂದೇ ಜಿಲ್ಲೆಯಲ್ಲಿ ಸಿಗುತ್ತವೆ. ಖಾನಾಪುರದಲ್ಲಿ ಬೆಳಿಗ್ಗೆ ಬಸ್ಸು ಹತ್ತಿ ಬೈಲಹೊಂಗಲದ ಮೇಲೆ ಸವದತ್ತಿಗೆ ಹೋಗುವವರು ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತರೆ ಸಾಕು.

ನಾಲ್ಕರಲ್ಲಿ ಮೂರನ್ನು ನಾವು ಚೆನ್ನಾಗಿ ಬಲ್ಲೆವು. ಕಪ್ಪು ಎರೆ ಭೂಮಿ, ಕೆಂಪು ಮಸಾರಿ, ಜಂಬಿಟ್ಟಿಗೆ ನೆಲ ಎಂದ ಕೂಡಲೇ ಎಲ್ಲರಿಗೂ ಚಿತ್ರ ಕಣ್ಣಿಗೆ ಕಟ್ಟುತ್ತದೆ. ನಾಲ್ಕನೆಯದಾದ ಮೆಕ್ಕಲು ಮಣ್ಣು, ಅಂದರೆ ಹೊಳೆಯ ನೆರೆ ತಂದು ಹರಡಿದ ಮಣ್ಣು, ನಮ್ಮಲ್ಲಿ ಗಂಗಾ ಬಯಲಿನ ಹಾಗೆ ದಿಗಂತದವರೆಗೆ ಹಬ್ಬಿಲ್ಲ. ಹೊಳೆಯ ಎರಡೂ ಬದಿಗೆ ಕಿರಿದಾದ ಪಟ್ಟಿಯಾಗಿ ಅಂಟಿಕೊಂಡಿದೆ. ಆ ಕಾರಣಕ್ಕೇ ಅದರ ಬಗ್ಗೆ ಬರೆದದ್ದು ಕಡಿಮೆ, ಮಾತನಾಡಿದ್ದು ಇನ್ನೂ ಕಡಿಮೆ. ‘ಹೊಳೆಸಾಲಿನ ಹೊಲ’ ಎಂದರೆ ಒಳ್ಳೆಯ ಹೊಲ ಎಂದು ಒಪ್ಪಿಕೊಂಡು ಮುಂದೆ ಹೋಗುತ್ತೇವೆ.

ಇಂದು ನನ್ನ ವಿಷಯ ಆ ಪಟ್ಟಿ, ಅದರಲ್ಲೂ ಮಲಪ್ರಭೆಯ ದಂಡೆಯ ಪಟ್ಟಿ. ನಾಲ್ಕು ಹಂತಗಳಲ್ಲಿ ಮಾತನಾಡುತ್ತೇನೆ. ಮೊದಲು ದಂಡೆಯ ಮಣ್ಣಿಗೆ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬಂದದ್ದು ಹೇಗೆ, ಎಲ್ಲಿಂದ ಶುರುವಾಗುತ್ತದೆ ಎಂಬುದು. ಆಮೇಲೆ ಆ ಮಣ್ಣಿನ ಗುಣಗಳು. ಮೂರನೆಯದಾಗಿ ಅದನ್ನು ಶಾಸ್ತ್ರ ಯಾವ ಹೆಸರಿನಿಂದ ಕರೆಯುತ್ತದೆ, ಯಾಕೆ ಕರೆಯುತ್ತದೆ. ಕೊನೆಗೆ ಆ ಹೆಸರಿನಿಂದ ಹೊಲದಲ್ಲಿ ಏನು ಬದಲಾಗಬೇಕು ಎಂಬುದು. ಇಷ್ಟರಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಒಂದಿದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮೇಲಿನ ಖಾನಾಪುರದ ಹೊಳೆದಂಡೆಯ ಮಣ್ಣು ಮತ್ತು ಕೆಳಗೆ ಸವದತ್ತಿ ಕಡೆಯ ಮುನವಳ್ಳಿಯ ಹೊಳೆದಂಡೆಯ ಮಣ್ಣು ಒಂದೇ ನದಿಯ ಮಕ್ಕಳಾದರೂ ರಸಾಯನದಲ್ಲಿ ಎದುರುಬದುರು ನಿಲ್ಲುತ್ತವೆ. ಎರಡಕ್ಕೂ ಒಂದೇ ಗೊಬ್ಬರ, ಒಂದೇ ಪರೀಕ್ಷೆ, ಒಂದೇ ಸಲಹೆ ಕೊಡುವುದು ತಪ್ಪು.

ಈಗ ಮೊದಲ ಹಂತಕ್ಕೆ ಬರೋಣ. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ ಹುಟ್ಟುತ್ತಾಳೆ. ಅಲ್ಲಿ ವರ್ಷದ ಮಳೆ ಮೂರು ಸಾವಿರ ಮಿ.ಮೀ. ದಾಟುತ್ತದೆ. ಖಾನಾಪುರ ಪಟ್ಟಣಕ್ಕೆ ಇಳಿದರೆ ಸುಮಾರು 1,800. ಸವದತ್ತಿಗೆ ಬರುವ ಹೊತ್ತಿಗೆ ಆರು ನೂರರ ಆಸುಪಾಸು. ಘಟ್ಟದ ನೆತ್ತಿಯಿಂದ ನವಿಲುತೀರ್ಥದ ಅಣೆಕಟ್ಟಿನವರೆಗೆ ನೇರ ಗೆರೆ ಎಳೆದರೆ ನೂರು ಕಿ.ಮೀ. ಆಚೀಚೆ. ಅಷ್ಟರೊಳಗೆ ಮಳೆ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಇದು ಬಹಳ ಕಡಿದಾದ ಇಳಿತ. ನಾವು ಅದರ ನಡುವೆಯೇ ಇರುವುದರಿಂದ ನಮಗೆ ಅದು ವಿಶೇಷ ಅನಿಸುವುದಿಲ್ಲ.

ಮಳೆಯ ಈ ಲೆಕ್ಕವೇ ಸುಣ್ಣದ ಲೆಕ್ಕ. ಮಳೆನೀರು ಗಾಳಿಯಿಂದಲೂ ಬೇರುಗಳ ಉಸಿರಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲವಾಗುತ್ತದೆ. ಆ ನೀರು ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಅನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಂಡು ಹೋಗುತ್ತದೆ. ಮಳೆ ಸುರಿಯುತ್ತಲೇ ಇದ್ದರೆ ಕರಗಿದ್ದು ಮತ್ತೆ ನೆಲದಲ್ಲಿ ನಿಲ್ಲುವುದಿಲ್ಲ, ಹೊಳೆ ಸೇರುತ್ತದೆ. ಸಾವಿರಾರು ವರ್ಷ ಹೀಗೆ ತೊಳೆದ ನೆಲದಲ್ಲಿ ಕಡೆಗೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಖಾನಾಪುರದ ಗುಡ್ಡಗಳ ಕೆಂಪು ಅದೇ. ಅಲ್ಲಿಂದ ತೊಳೆದುಬಂದ ಮಣ್ಣನ್ನು ಹೊಳೆ ಅಸೋಗದ ಬಳಿಯಲ್ಲಿ, ಖಾನಾಪುರದ ಸೇತುವೆಯ ಕೆಳಗೆ ದಂಡೆಗೆ ಹಾಕಿದಾಗ ಅದರಲ್ಲಿ ಸುಣ್ಣ ಎಲ್ಲಿಂದ ಬರಬೇಕು? ಆ ಮಣ್ಣು ಸಾಮಾನ್ಯವಾಗಿ ಆಮ್ಲೀಯ, ಹೆಚ್ಚೆಂದರೆ ತಟಸ್ಥ.

ಇದಕ್ಕೆ ಒಂದು ಸಾಕ್ಷಿ ನಮ್ಮ ಮನೆಗಳ ಮೇಲೇ ಇದೆ. ಖಾನಾಪುರ ಹಂಚು, ಇಟ್ಟಿಗೆ, ಮಡಕೆಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿರುವುದು ಆಕಸ್ಮಿಕವಲ್ಲ. ಸುಣ್ಣದ ಹರಳಿರುವ ಮಣ್ಣನ್ನು ಭಟ್ಟಿಯಲ್ಲಿ ಸುಟ್ಟರೆ ಹರಳು ಸುಟ್ಟ ಸುಣ್ಣವಾಗುತ್ತದೆ. ಇಟ್ಟಿಗೆ ಹೊರಗೆ ಬಂದು ನೀರು ಕುಡಿದ ಕೂಡಲೇ ಆ ಸುಣ್ಣ ಅರಳಿ ಉಬ್ಬಿ ಇಟ್ಟಿಗೆಯ ಮೈಯಿಂದ ಚಕ್ಕೆ ಹಾರಿಸುತ್ತದೆ. ಅಷ್ಟೇ ಅಲ್ಲ, ಸುಣ್ಣ ಹೆಚ್ಚಿದ್ದರೆ ಸುಟ್ಟ ಮಣ್ಣಿಗೆ ಕೆಂಪು ಹತ್ತುವುದಿಲ್ಲ, ಮಾಸಲು ಹಳದಿಗೆ ತಿರುಗುತ್ತದೆ. ಹೀಗಾಗಿ ಒಳ್ಳೆಯ ಕೆಂಪು ಹಂಚು ಕೊಡುವ ಮಣ್ಣು ಎಂದರೆ ಕಬ್ಬಿಣ ಇರುವ, ಸುಣ್ಣ ಇಲ್ಲದ ಮಣ್ಣು. ಪ್ರಯೋಗಾಲಯಗಳು ಬರುವುದಕ್ಕೆ ಬಹಳ ಮೊದಲೇ ಕುಂಬಾರರು ಈ ಪರೀಕ್ಷೆಯನ್ನು ಮಾಡಿ ಮುಗಿಸಿದ್ದರು.

ಈಗ ಹೊಳೆಯ ಜೊತೆ ಕೆಳಗೆ ನಡೆಯೋಣ. ಎಂ.ಕೆ. ಹುಬ್ಬಳ್ಳಿ ದಾಟಿ, ಸಂಗೊಳ್ಳಿಯ ಕಡೆ ಹೊರಳಿ, ಮುನವಳ್ಳಿಗೆ ಬರುವಷ್ಟರಲ್ಲಿ ದಂಡೆಯ ಆಚೆಗೆ ಎರೆ ಭೂಮಿ ಕಾಣಿಸತೊಡಗುತ್ತದೆ. ಈ ಎರೆಯ ಕೆಳಗಿರುವುದು ಕ್ಯಾಲ್ಸಿಯಂ ಧಾರಾಳವಾಗಿರುವ ಕಲ್ಲು. ಜಿಲ್ಲೆಯ ಉತ್ತರ ಮತ್ತು ಪಶ್ಚಿಮಕ್ಕೆ ಹಾಸಿರುವ ದಖ್ಖನ್ ಬಸಾಲ್ಟಿನ ತೂಕದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಕ್ಯಾಲ್ಸಿಯಂ ಆಕ್ಸೈಡೇ ಇದೆ. ಇತ್ತ ಬೈಲಹೊಂಗಲ ಕಡೆಯ ಧಾರವಾಡ ಶಿಲಾವರ್ಗದ ಹಸಿರು ಛಾಯೆಯ ಕಲ್ಲುಗಳೂ ಕಡಿಮೆಯವಲ್ಲ. ಮಳೆ ಕಡಿಮೆಯಾದ್ದರಿಂದ ಇಲ್ಲಿ ಕರಗಿದ ಕ್ಯಾಲ್ಸಿಯಂ ನೆಲ ಬಿಟ್ಟು ಹೋಗುವುದಿಲ್ಲ. ಮಳೆಗಾಲದಲ್ಲಿ ಎರಡು ಮೂರು ಅಡಿ ಕೆಳಗಿಳಿದು, ಬೇಸಿಗೆಯಲ್ಲಿ ನೀರು ಆರಿದಾಗ ಅಲ್ಲೇ ಕಾರ್ಬೊನೇಟಾಗಿ ಕೂಡುತ್ತದೆ. ಬಾವಿಯ ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿ ಕಿಟ್ಟ ಕಟ್ಟುವುದೂ ಇದೇ ಕ್ರಿಯೆಯಿಂದ. ಎರೆಯಲ್ಲಿ ಕೂಡಿದ ಈ ಸುಣ್ಣವನ್ನು ಹಳ್ಳಗಳು ಕೊರೆದು ಹೊಳೆಗೆ ತರುತ್ತವೆ, ಹೊಳೆ ಅದನ್ನು ತನ್ನ ರೇವೆಯ ಜೊತೆ ಬೆರೆಸಿ ದಂಡೆಗೆ ಹರಡುತ್ತದೆ. ಇದು ಒಂದು ದಾರಿ. ಇನ್ನೊಂದು, ಬೇಸಿಗೆಯಲ್ಲಿ ಹೊಳೆಯ ಮಟ್ಟದ ನೀರು ದಂಡೆಯ ಮಣ್ಣಿನ ಸಣ್ಣ ಸಂದುಗಳಲ್ಲಿ ಮೇಲೇರಿ ಆವಿಯಾಗಿ, ತಾನು ಹೊತ್ತು ತಂದ ಸುಣ್ಣವನ್ನು ಅಲ್ಲೇ ಬಿಟ್ಟುಹೋಗುವುದು. ಹೊರಗಿನಿಂದ ಬಂದ ಸುಣ್ಣ, ಅಲ್ಲೇ ಹುಟ್ಟಿದ ಸುಣ್ಣ, ಎರಡೂ ಈ ಮಣ್ಣಿನಲ್ಲಿವೆ. ಇವೆರಡನ್ನೂ ಬೇರ್ಪಡಿಸಿ ಗುರುತಿಸುವ ಬಗೆಯನ್ನು ಮುಂದೆ ಹೇಳುತ್ತೇನೆ.

ಅಮೆರಿಕದ ಮಣ್ಣುವಿಜ್ಞಾನಿ ಕರ್ಟಿಸ್ ಮಾರ್ಬಟ್ ಅವರು 1920ರ ದಶಕದಲ್ಲಿ ತಮ್ಮ ದೇಶದ ಮಣ್ಣುಗಳನ್ನು ಎರಡು ದೊಡ್ಡ ಕುಲಗಳಾಗಿ ಕಂಡರು. ಪೂರ್ವದ ತೇವದ ಸೀಮೆಯಲ್ಲಿ ಸುಣ್ಣ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಕೂಡುವ ಮಣ್ಣು, ಪಶ್ಚಿಮದ ಒಣ ಸೀಮೆಯಲ್ಲಿ ಸುಣ್ಣ ಕೂಡುವ ಮಣ್ಣು. ಮೊದಲನೆಯದಕ್ಕೆ ಪೆಡಾಲ್ಫರ್, ಎರಡನೆಯದಕ್ಕೆ ಪೆಡೊಕಾಲ್ ಎಂದು ಹೆಸರಿಟ್ಟರು. ಆ ಹೆಸರುಗಳು ಇಂದು ಬಳಕೆಯಲ್ಲಿಲ್ಲ, ಹೊಸ ಪದ್ಧತಿಗಳು ಬಂದಿವೆ. ಆದರೆ ಆ ನೋಟ ಹಳೆಯದಾಗಿಲ್ಲ. ಒಂದು ಖಂಡವನ್ನೇ ಇಬ್ಭಾಗ ಮಾಡುವ ಅಂಥ ಗೆರೆ ನಮ್ಮಲ್ಲಿ ಒಂದೇ ಜಿಲ್ಲೆಯೊಳಗೆ, ಒಂದೇ ಹೊಳೆಯನ್ನು ಅಡ್ಡ ಹಾಯುತ್ತದೆ. ನೆರೆಯ ಬಾಂಗ್ಲಾದೇಶದಲ್ಲೂ ಇಂಥದೇ ಭೇದವಿದೆ. ಗಂಗೆಯ ಮೆಕ್ಕಲಿನಲ್ಲಿ ಸುಣ್ಣವಿದೆ, ಬ್ರಹ್ಮಪುತ್ರೆಯ ಮೆಕ್ಕಲಿನಲ್ಲಿ ಇಲ್ಲ. ಅಲ್ಲಿನ ಮಣ್ಣು ಸಮೀಕ್ಷೆಯವರು ಮೊದಲಿಗೇ ಆ ಭೇದವನ್ನು ಹಿಡಿದು ಪ್ರವಾಹಬಯಲುಗಳನ್ನು ಸುಣ್ಣದವು, ಸುಣ್ಣರಹಿತವು ಎಂದು ಬೇರೆ ಮಾಡಿದರು. ಅಲ್ಲಿ ಎರಡು ನದಿಗಳ ನಡುವೆ ಇರುವ ವ್ಯತ್ಯಾಸ ಇಲ್ಲಿ ಒಂದೇ ನದಿಯ ಮೇಲ್ದಂಡೆ ಮತ್ತು ಕೆಳದಂಡೆಗಳ ನಡುವೆ ಇದೆ.

ನಮ್ಮ ಹೊಳೆಗಳ ಮೆಕ್ಕಲು ಇಂದು ನಿನ್ನೆಯದಲ್ಲ ಎಂಬ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನದ ಬಗ್ಗೆ ಬರೆದ ಗ್ರಂಥ 1876ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಿಂದ ಹೊರಬಂತು. ಅದಕ್ಕೂ ಎರಡು ವರ್ಷ ಮೊದಲು, ಗೋಕಾಕದ ಹತ್ತಿರದ ಚಿಕ್ಕದೌಳಿಯ ಹಳ್ಳದ ಮೆಕ್ಕಲಿನಲ್ಲಿ ಸಿಕ್ಕ ಖಡ್ಗಮೃಗದ ಪಳೆಯುಳಿಕೆಯನ್ನು ಅವರು ವಿವರಿಸಿ ಹೆಸರಿಟ್ಟಿದ್ದರು. ಘಟಪ್ರಭೆಯ ಸೀಮೆಯಲ್ಲಿ ಖಡ್ಗಮೃಗ ಮೇಯುತ್ತಿದ್ದ ಕಾಲದ ಮಣ್ಣು ಅದು. ಮಲಪ್ರಭೆಯ ಮೆಕ್ಕಲು ಪದರಗಳನ್ನು ಆರ್. ವಿ. ಜೋಶಿ ಅವರು ಹಳೆ ಶಿಲಾಯುಗದ ಉಪಕರಣಗಳ ಜಾಡಿನಲ್ಲಿ ಅಧ್ಯಯನ ಮಾಡಿ 1955ರಲ್ಲಿ ಪುಸ್ತಕ ಪ್ರಕಟಿಸಿದರು. ನೆರೆಯ ಬಯಲಿನ ಮಣ್ಣಿನಲ್ಲಿ ಹಳೆಯದು, ಹೊಸದು ಎಂಬ ಭೇದ ಇರುತ್ತದೆ, ವರ್ಗೀಕರಣಕ್ಕೆ ಅದು ಮುಖ್ಯ ಎಂಬುದನ್ನು ನೆನಪಿಡಬೇಕು.

ಇಲ್ಲಿಂದ ಎರಡನೆಯ ಹಂತಕ್ಕೆ, ಮಣ್ಣಿನ ಗುಣಗಳಿಗೆ ಹೊರಳುತ್ತೇನೆ. ಮುನವಳ್ಳಿಯ ಆಸುಪಾಸಿನ ದಂಡೆಯಲ್ಲಿ ಹೊಳೆ ಕೊರೆದ ಕಡೆ ನಿಂತರೆ ಗುಂಡಿ ತೋಡುವ ಕೆಲಸವೂ ಇಲ್ಲ, ಆಳುದ್ದದ ಗೋಡೆ ಎದುರಿಗೇ ಇರುತ್ತದೆ. ಗುದ್ದಲಿಯ ಅಂಚಿನಿಂದ ಮೇಲ್ಮೈ ಕೆರೆದು ಹಸಿ ಮುಖ ತೆಗೆಯಿರಿ. ಮೇಲೆ ಒಂದು ಗೇಣು ಉತ್ತ ಮಣ್ಣು, ಬೇರು ತುಂಬಿದ್ದು, ಬೂದುಗಂದು ಬಣ್ಣ. ಅದರ ಕೆಳಗೆ ಕಂದು ಗೋಡುಮಣ್ಣು. ನಡುವೆ ಬೆರಳಗಲದ ಮರಳಿನ ಪಟ್ಟಿ. ಅದರ ಕೆಳಗೆ ಮತ್ತೆ ತುಸು ಕಪ್ಪಾದ ಒಂದು ಪದರ, ಹಿಂದೊಂದು ಕಾಲದಲ್ಲಿ ಮೇಲ್ಮಣ್ಣಾಗಿದ್ದು ನೆರೆಯಲ್ಲಿ ಹೂತುಹೋದದ್ದು. ಅದಕ್ಕೂ ಕೆಳಗೆ ಒರಟು ಮರಳು. ಮರಳು ಬಿದ್ದ ವರ್ಷ ನೀರು ರಭಸದಿಂದ ಹಾದಿತ್ತು, ನುಣುಪು ರೇವೆ ಕೂತ ವರ್ಷ ನೀರು ನಿಧಾನವಾಗಿ ನಿಂತು ಹೋಗಿತ್ತು. 2019ರ ಆಗಸ್ಟಿನ ಮಹಾಪೂರ ಮುನವಳ್ಳಿ, ರಾಮದುರ್ಗದ ಹೊಲಗಳ ಮೇಲೆ ಹಾಕಿಹೋದ ಪದರವನ್ನು ಇಲ್ಲಿ ಕುಳಿತಿರುವ ಎಷ್ಟೋ ಮಂದಿ ಕೈಯಾರೆ ಎತ್ತಿದ್ದೀರಿ. ಕೆಲವರ ಹೊಲಕ್ಕೆ ಅದು ಹೊಸ ರೇವೆ, ಕೆಲವರ ಹೊಲಕ್ಕೆ ಬರೀ ಮರಳು.

ಗೋಡುಮಣ್ಣು ಎಂದರೆ ಯಾವುದು? ಎರಡು ಮಿಲಿಮೀಟರಿನಿಂದ 0.05 ಮಿಲಿಮೀಟರಿನವರೆಗಿನ ಕಣ ಮರಳು, ಅಲ್ಲಿಂದ 0.002 ಮಿಲಿಮೀಟರಿನವರೆಗೆ ರೇವೆ, ಅದಕ್ಕಿಂತ ಸಣ್ಣದು ಜೇಡಿ. ಜೇಡಿ 7ರಿಂದ 27 ಶೇಕಡಾ, ರೇವೆ 28ರಿಂದ 50, ಮರಳು 52ಕ್ಕೆ ಮೀರದೆ ಇದ್ದರೆ ಅದು ಗೋಡು. ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದರೆ ಎರೆಯ ಹಾಗೆ ಉದ್ದಕ್ಕೆ ಬತ್ತಿಯಾಗಿ ಬರುವುದಿಲ್ಲ, ಸ್ವಲ್ಪ ಬಂದು ಮುರಿಯುತ್ತದೆ. ಈ ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 150 ಮಿ.ಮೀ.ಯಷ್ಟು ಬೆಳೆಗೆ ಸಿಗುವ ನೀರನ್ನು ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಎರೆಯಂತೆ ಬಾಯಿ ಬಿಡುವುದಿಲ್ಲ, ಮಳೆ ಬಂದ ಮೂರನೆಯ ದಿನಕ್ಕೆ ಹರಗಲು ಬರುತ್ತದೆ. ಹೊಳೆಸಾಲಿನ ಹೊಲಕ್ಕೆ ಬೆಲೆ ಬಂದದ್ದು ಇದರಿಂದ.

ಸುಣ್ಣ ಇರುವ ಮಣ್ಣಿನ ಕಣಗಾತ್ರ ಅಳೆಯುವಾಗ ಒಂದು ಎಚ್ಚರ ಬೇಕು. ನುಣುಪು ಸುಣ್ಣ ಜೇಡಿಯ ಕಣಗಳನ್ನು ಅಂಟಿಸಿ ಹಿಡಿಯುವುದರಿಂದ ಅವು ರೇವೆಯ ಗಾತ್ರಕ್ಕೆ ಕಾಣಿಸುತ್ತವೆ. ಕೈಗೆ ರೇವೆ ಅನಿಸಿದ ಮಣ್ಣು ಪ್ರಯೋಗಾಲಯದಲ್ಲಿ ಹೆಚ್ಚು ಜೇಡಿ ತೋರಿಸಬಹುದು. ವಿದ್ಯಾರ್ಥಿಗಳು ಸುಣ್ಣ ಕರಗಿಸಿ ಒಮ್ಮೆ, ಕರಗಿಸದೆ ಒಮ್ಮೆ ಅಳೆದು ನೋಡಿದರೆ ಪಾಠಪುಸ್ತಕದ ಹತ್ತು ಪುಟ ಒಂದೇ ಮಧ್ಯಾಹ್ನ ತಿಳಿಯುತ್ತದೆ.

ಇನ್ನು ಸುಣ್ಣದ ಪರೀಕ್ಷೆ. ಶೇಕಡಾ ಹತ್ತರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಯನ್ನು ಮಣ್ಣಿನ ಹೆಂಟೆಯ ಮೇಲೆ ಬಿಡಬೇಕು. ಸುಣ್ಣವಿದ್ದರೆ ಇಂಗಾಲದ ಡೈಆಕ್ಸೈಡ್ ಹೊರಟು ನೊರೆ ಬರುತ್ತದೆ. ಸ್ವಲ್ಪವೇ ಇದ್ದರೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಹೆಂಟೆಯನ್ನು ಕಿವಿಯ ಬಳಿ ಹಿಡಿದರೆ ಚುರುಚುರು ಸದ್ದು. ಖಾನಾಪುರದ ದಂಡೆಯ ಹೆಂಟೆಗೆ ಅದೇ ಹನಿ ಬಿಟ್ಟರೆ ಒದ್ದೆಯಾಗುತ್ತದೆ, ಅಷ್ಟೇ. ಎಷ್ಟು ಸುಣ್ಣ ಎಂದು ತಿಳಿಯಲು ತೂಕ ಮಾಡಿದ ಮಣ್ಣಿಗೆ ಅಳತೆಯ ಆಮ್ಲ ಹಾಕಿ, ಉಳಿದ ಆಮ್ಲವನ್ನು ಕ್ಷಾರದಿಂದ ತೀರಿಸಿ ಲೆಕ್ಕ ಹಾಕುತ್ತಾರೆ.

ಹೊರಗಿನಿಂದ ಬಂದ ಸುಣ್ಣ, ಅಲ್ಲೇ ಹುಟ್ಟಿದ ಸುಣ್ಣ ಇವನ್ನು ಗುರುತಿಸುವ ಬಗೆ ಹೇಳುತ್ತೇನೆ ಎಂದಿದ್ದೆ. ಗೋಡೆಯಿಂದ ಒಂದು ಸುಣ್ಣದ ಹರಳನ್ನು ಕಿತ್ತು ಕೈಯಲ್ಲಿ ಹಿಡಿಯಿರಿ. ಮೈ ನುಣುಪಾಗಿ, ಅಂಚು ಸವೆದು, ಅಕ್ಕಪಕ್ಕದ ಬೆಣಚುಕಲ್ಲುಗಳ ಸಾಲಿನಲ್ಲಿ ಕುಳಿತಿದ್ದರೆ ಅದನ್ನು ಹೊಳೆ ತಂದದ್ದು. ಮೈ ಒರಟಾಗಿ, ಕೊಂಬೆ ಕೊಂಬೆಯಾಗಿ, ಒಡೆದಾಗ ಒಳಗೆ ಸುತ್ತಲಿನ ಮಣ್ಣೇ ಸೇರಿಕೊಂಡಿದ್ದರೆ ಅದು ಅಲ್ಲೇ ಹುಟ್ಟಿದ್ದು. ಸತ್ತ ಬೇರಿನ ಜಾಗದಲ್ಲಿ ಬಿಳಿ ದಾರದ ಹಾಗೆ ಇಳಿದ ಸುಣ್ಣವೂ ಅಲ್ಲೇ ಹುಟ್ಟಿದ್ದು. ಈ ಭೇದ ಬರೀ ಕುತೂಹಲದ್ದಲ್ಲ. ಅಲ್ಲೇ ಹುಟ್ಟಿದ ಸುಣ್ಣ ಸಾಕಷ್ಟಿದೆ ಎಂದರೆ ಆ ನೆಲ ನೆರೆಯಿಂದ ಬಹುಕಾಲ ದೂರ ಇದ್ದು ತನ್ನ ಪಾಡಿಗೆ ಬೆಳೆದಿದೆ ಎಂದರ್ಥ.

ಸುಣ್ಣವಿರುವ ಮಣ್ಣಿನ ರಸಸಾರ ಸಾಮಾನ್ಯವಾಗಿ 7.5ರಿಂದ 8.4ರ ನಡುವೆ ನಿಲ್ಲುತ್ತದೆ. ಗಾಳಿಯ ಜೊತೆ ಸಮತೋಲದಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಅದನ್ನು ಅದಕ್ಕಿಂತ ಮೇಲೆ ಏರಗೊಡುವುದಿಲ್ಲ. ರಸಸಾರ 8.5 ದಾಟಿತೆಂದರೆ ಅಲ್ಲಿ ಸೋಡಿಯಂ ಬಂದು ಕುಳಿತಿದೆ, ಅದು ಬೇರೆಯೇ ರೋಗ. ಸುಣ್ಣದ ಮಣ್ಣನ್ನು ಸವಳು ಮಣ್ಣೆಂದು ತಿಳಿದು ಜಿಪ್ಸಂ ಹಾಕುವವರಿದ್ದಾರೆ. ಜಿಪ್ಸಂ ಸೋಡಿಯಂ ಇರುವ ನೆಲಕ್ಕೆ ಮದ್ದು. ಕ್ಯಾಲ್ಸಿಯಂ ತುಂಬಿ ತುಳುಕುವ ನೆಲಕ್ಕೆ ಮತ್ತೆ ಕ್ಯಾಲ್ಸಿಯಂ ಯಾಕೆ? ಅಣೆಕಟ್ಟಿನ ಕೆಳಗಿನ ನೀರಾವರಿ ಸೀಮೆಯಲ್ಲಿ ಜವಳು ಹತ್ತಿ ನಿಜವಾಗಿ ಸವಳಾದ ಹೊಲಗಳಿವೆ. ಅವನ್ನೂ ಇವನ್ನೂ ಒಂದೇ ಎಂದುಕೊಂಡರೆ ದುಡ್ಡು ಹಾಳು, ಹೊಲವೂ ಸುಧಾರಿಸುವುದಿಲ್ಲ.

ಮೂರನೆಯದು ವರ್ಗೀಕರಣ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು, ಉಳಿದವರು ಸ್ವಲ್ಪ ತಾಳ್ಮೆ ತೋರಬೇಕು.

ಮಣ್ಣು ತನ್ನದೇ ಆದ ಒಂದು ಪ್ರಕೃತಿವಸ್ತು, ಕಲ್ಲಿನ ಪುಡಿಯಲ್ಲ ಎಂದು ರಷ್ಯದ ವಸೀಲಿ ದೊಕುಚಾಯೆವ್ ಅವರು 1883ರಲ್ಲಿ ತಮ್ಮ ಕಪ್ಪುಮಣ್ಣಿನ ಅಧ್ಯಯನದಲ್ಲಿ ತೋರಿಸಿದರು. ಅಮೆರಿಕದಲ್ಲಿ ಗೈ ಸ್ಮಿತ್ ಅವರ ನೇತೃತ್ವದಲ್ಲಿ ನಡೆದ ಕೆಲಸ 1975ರಲ್ಲಿ ‘ಸಾಯಿಲ್ ಟ್ಯಾಕ್ಸಾನಮಿ’ ಎಂಬ ಗ್ರಂಥವಾಯಿತು. ನಮ್ಮ ದೇಶದ ಮಣ್ಣು ಸಮೀಕ್ಷೆ ಅದನ್ನೇ ಅನುಸರಿಸುತ್ತದೆ. ಆರ್ಡರ್, ಸಬ್‌ಆರ್ಡರ್, ಗ್ರೇಟ್ ಗ್ರೂಪ್, ಸಬ್‌ಗ್ರೂಪ್, ಫ್ಯಾಮಿಲಿ, ಸೀರೀಸ್ ಎಂದು ಆರು ಮೆಟ್ಟಿಲು, ಮೇಲಿನ ಮೆಟ್ಟಿಲಿನಲ್ಲಿ ಹನ್ನೆರಡು ಆರ್ಡರ್.

ನಮ್ಮ ಗೋಡೆಯನ್ನು ಈ ಮೆಟ್ಟಿಲುಗಳಲ್ಲಿ ಇಳಿಸೋಣ. ಎಳೆಯ ಮೆಕ್ಕಲು, ಪದರಗಳು ಇನ್ನೂ ಒಂದರೊಳಗೊಂದು ಬೆರೆತಿಲ್ಲ, ಮಣ್ಣಾಗುವ ಕ್ರಿಯೆ ಮೇಲ್ಮೈ ಬಿಟ್ಟು ಕೆಳಗಿಳಿದಿಲ್ಲ. ಹಾಗಾಗಿ ಎಂಟಿಸಾಲ್. ಸಾಮಾನ್ಯವಾಗಿ ಸಾವಯವ ಇಂಗಾಲ ಮೇಲಿನಿಂದ ಕೆಳಕ್ಕೆ ಒಂದೇ ಸಮನೆ ಕಡಿಮೆಯಾಗಬೇಕು. ಇಲ್ಲಿ ಹೂತುಹೋದ ಹಳೆಯ ಮೇಲ್ಮಣ್ಣು ಇರುವುದರಿಂದ ಅದು ಇಳಿದು, ಏರಿ, ಮತ್ತೆ ಇಳಿಯುತ್ತದೆ. ಈ ಏರಿಳಿತವೇ ನೆರೆಯ ಗುರುತು. ಆದ್ದರಿಂದ ಸಬ್‌ಆರ್ಡರ್ ಫ್ಲೂವೆಂಟ್. ಮಳೆಗಾಲ ಒಂದು, ಮಿಕ್ಕಂತೆ ಒಣ ಎಂಬ ನಮ್ಮ ತೇವದ ಕ್ರಮಕ್ಕೆ ಉಸ್ಟಿಕ್ ಎನ್ನುತ್ತಾರೆ, ಹೀಗಾಗಿ ಉಸ್ಟಿಫ್ಲೂವೆಂಟ್. ಬೇರೆ ವಿಶೇಷ ಇಲ್ಲದಿದ್ದರೆ ಟಿಪಿಕ್ ಉಸ್ಟಿಫ್ಲೂವೆಂಟ್.

ಫ್ಯಾಮಿಲಿಯ ಮೆಟ್ಟಿಲಿನಲ್ಲಿ ಸುಣ್ಣದ ಸರದಿ ಬರುತ್ತದೆ. 25ರಿಂದ 100 ಸೆಂ.ಮೀ. ಆಳದ ನಡುವೆ ಜೇಡಿ 18ರಿಂದ 35 ಶೇಕಡಾ ಇದ್ದು, ಒಂದಷ್ಟು ಸಣ್ಣ ಮರಳು ಅಥವಾ ಅದಕ್ಕಿಂತ ಒರಟು ಕಣವೂ ಇದ್ದರೆ ‘ಫೈನ್-ಲೋಮಿ’. 25ರಿಂದ 50 ಸೆಂ.ಮೀ. ನಡುವಿನ ನುಣುಪು ಮಣ್ಣು ಎಲ್ಲ ಕಡೆಯೂ ಆಮ್ಲದ ಹನಿಗೆ ನೊರೆಗರೆದರೆ ‘ಕ್ಯಾಲ್ಕೇರಿಯಸ್’. ವರ್ಷದ ಸರಾಸರಿ ಮಣ್ಣಿನ ಉಷ್ಣತೆ 22 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲ, ಬೇಸಿಗೆ ಚಳಿಗಾಲದ ಅಂತರ 6 ಡಿಗ್ರಿಯೊಳಗೆ, ಅದಕ್ಕೆ ‘ಐಸೊಹೈಪರ್‌ಥರ್ಮಿಕ್’. ಇಷ್ಟನ್ನೂ ಸೇರಿಸಿ ಓದಿದರೆ ಹೆಸರು ಒಂದು ಸಾಲಾಗುತ್ತದೆ. ಕೇಳಲು ಭಾರ, ಆದರೆ ಆ ಸಾಲಿನ ಒಂದೊಂದು ಪದವೂ ಹೊಲದ ಒಂದೊಂದು ಗುಣ. ಗಮನಿಸಿ, ಸುಣ್ಣದ ಲೆಕ್ಕ ಮೇಲ್ಮಣ್ಣಿನಿಂದ ತೆಗೆದದ್ದಲ್ಲ, ಉಳುಮೆಯ ಕೆಳಗಿನಿಂದ ತೆಗೆದದ್ದು. ಮಣ್ಣು ಪರೀಕ್ಷೆಗೆ ನಾವು ಕೊಡುವ ಮಾದರಿ ಮೇಲಿನ 15 ಸೆಂ.ಮೀ.ಯದು. ಬೇರು ಬದುಕುವ ಕಡೆ ಸುಣ್ಣವಿದ್ದು ಮೇಲೆ ಕಡಿಮೆ ಇದ್ದರೆ ನಮ್ಮ ಪರೀಕ್ಷೆಗೆ ಅದು ಕಾಣುವುದೇ ಇಲ್ಲ.

ಹೊಳೆಯಿಂದ ಒಂದು ಮೆಟ್ಟಿಲು ಮೇಲೆ, ಈಗ ನೆರೆ ಅಪರೂಪಕ್ಕೆ ಮುಟ್ಟುವ ಹಳೆಯ ದಂಡೆಗೆ ಹೋದರೆ ಪದರಗಳು ಮಾಸಿರುತ್ತವೆ. ಎರೆಹುಳ, ಬೇರು, ತೇವ, ಒಣಗು ಎಲ್ಲ ಸೇರಿ ಕಲಸಿ ಹೆಂಟೆ ಕಟ್ಟಿರುತ್ತವೆ. ಅದು ಇನ್‌ಸೆಪ್ಟಿಸಾಲ್, ನೆರೆಯ ಗುರುತು ಇನ್ನೂ ಉಳಿದಿದ್ದರೆ ಫ್ಲೂವೆಂಟಿಕ್ ಹ್ಯಾಪ್ಲುಸ್ಟೆಪ್ಟ್. ಇನ್ನೂ ಹಳೆಯ ಕಡೆ ಸುಣ್ಣ ಕೂಡಿ, 15 ಸೆಂ.ಮೀ. ದಪ್ಪದ ಪದರದಲ್ಲಿ ಶೇಕಡಾ 15ಕ್ಕೆ ಮೇಲ್ಪಟ್ಟು ಸೇರಿ, ಕೆಳಗಿನ ಪದರಕ್ಕಿಂತ ಶೇಕಡಾ ಐದಾದರೂ ಹೆಚ್ಚಿದ್ದರೆ ಅದನ್ನು ಕ್ಯಾಲ್ಸಿಕ್ ಪದರ ಎನ್ನುತ್ತಾರೆ, ಮಣ್ಣು ಕ್ಯಾಲ್ಸಿಉಸ್ಟೆಪ್ಟ್ ಆಗುತ್ತದೆ. ಅದರಾಚೆ ಜೇಡಿ ತುಂಬಿ ಬಾಯಿ ಬಿಡುವ ಎರೆ, ವರ್ಟಿಸಾಲ್. ಹೊಳೆಯ ನೀರಿನಿಂದ ಹೊರಟು ಎರೆ ಹೊಲದ ಬದುವಿನವರೆಗೆ ನಡೆದುಹೋಗುವಷ್ಟರಲ್ಲಿ ಮೂರು ಆರ್ಡರ್‌ಗಳು ಕಾಲಡಿಗೆ ಬರುತ್ತವೆ. ಅಂತಾರಾಷ್ಟ್ರೀಯ ಪದ್ಧತಿಯಲ್ಲಾದರೆ ಎಳೆಯ ದಂಡೆಯ ಮಣ್ಣಿಗೆ ಫ್ಲೂವಿಸಾಲ್ ಎಂದೂ, ಸುಣ್ಣವಿದ್ದರೆ ಕ್ಯಾಲ್ಕಾರಿಕ್ ಎಂಬ ವಿಶೇಷಣವನ್ನೂ ಕೊಡುತ್ತಾರೆ.

ನಾಗಪುರದಲ್ಲಿ ಕೇಂದ್ರವಿರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಬ್ಯೂರೊ ಕರ್ನಾಟಕದ ಮಣ್ಣಿನ ನಕ್ಷೆಯನ್ನು 1:2,50,000 ಪ್ರಮಾಣದಲ್ಲಿ ಮಾಡಿತು. ಬಹಳ ದೊಡ್ಡ ಕೆಲಸ. ಆದರೆ ಆ ಪ್ರಮಾಣದಲ್ಲಿ ನಕ್ಷೆಯ ಒಂದು ಸೆಂಟಿಮೀಟರ್ ಎಂದರೆ ನೆಲದ ಎರಡೂವರೆ ಕಿಲೋಮೀಟರ್. ಕೆಲವು ನೂರು ಮೀಟರ್ ಅಗಲದ ನಮ್ಮ ದಂಡೆಯ ಪಟ್ಟಿ ಅದರಲ್ಲಿ ಪೆನ್ಸಿಲ್ ಗೆರೆಗಿಂತ ಸ್ವಲ್ಪವೇ ದಪ್ಪ, ಅಕ್ಕಪಕ್ಕದ ಎರೆಯಲ್ಲೋ ಮಸಾರಿಯಲ್ಲೋ ಸೇರಿಹೋಗುತ್ತದೆ. ಮುಂದೆ ಸುಜಲಾ-3 ಎಂಬ ಜಲಾನಯನ ಯೋಜನೆಯಲ್ಲಿ ಆಯ್ದ ಜಲಾನಯನಗಳಿಗೆ 1:7,920 ಪ್ರಮಾಣದಲ್ಲಿ, ಸರ್ವೆ ನಂಬರಿನ ನಕ್ಷೆಯ ಮೇಲೆ ಭೂಸಂಪನ್ಮೂಲ ದಾಖಲೆ ನಡೆಯಿತು. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ 79 ಮೀಟರ್, ಒಬ್ಬ ರೈತನ ಹೊಲ ಕಾಣುತ್ತದೆ. ಮಲಪ್ರಭೆಯ ದಂಡೆಗೆ ಬೇಕಾದದ್ದು ಈ ಪ್ರಮಾಣ. ಕಣಕುಂಬಿಯಿಂದ ನವಿಲುತೀರ್ಥದವರೆಗೆ ಊರಿಗೊಂದು ಕಡೆ ಗೋಡೆ ಕೆರೆದು, ಆಮ್ಲದ ಹನಿ ಬಿಟ್ಟು, ಸುಣ್ಣ ಮೊದಲು ನೊರೆಗರೆಯುವ ಜಾಗವನ್ನು ನಕ್ಷೆಯ ಮೇಲೆ ಗುರುತಿಸುವುದು ಒಂದು ಕಾಲೇಜಿನ ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಮಾಡಬಹುದಾದ ಕೆಲಸ. ಇಲ್ಲಿನ ಅಧ್ಯಾಪಕರು ಅದನ್ನು ಕೈಗೆತ್ತಿಕೊಳ್ಳಬೇಕೆಂದು ನನ್ನ ಕಳಕಳಿಯ ಕೋರಿಕೆ.

ಕೊನೆಯ ಹಂತಕ್ಕೆ ಬಂದೆ. ಹೆಸರು ತಿಳಿದರೆ ಹೊಲದಲ್ಲಿ ಏನಾಗಬೇಕು?

ರಂಜಕದಿಂದ ಶುರು ಮಾಡುತ್ತೇನೆ, ಎರಡು ದಂಡೆಗಳ ವಿರೋಧ ಅಲ್ಲಿ ಸ್ಪಷ್ಟ. ಖಾನಾಪುರದ ಆಮ್ಲೀಯ ಮಣ್ಣಿನಲ್ಲಿ ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತವೆ. ಕೆಳದಂಡೆಯಲ್ಲಿ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಪರಿಹಾರವೂ ಬೇರೆ. ಶಿಲಾರಂಜಕ ಆಮ್ಲೀಯ ಮಣ್ಣಿನಲ್ಲಿ ನಿಧಾನವಾಗಿ ಕರಗಿ ಬೆಳೆಗೆ ಸಿಗುತ್ತದೆ, ಸುಣ್ಣದ ಮಣ್ಣಿನಲ್ಲಿ ಕರಗದೆ ಕಲ್ಲಾಗಿಯೇ ಉಳಿಯುತ್ತದೆ. ಅಲ್ಲಿ ನೀರಿನಲ್ಲಿ ಕರಗುವ ರಂಜಕವನ್ನೇ ಕೊಡಬೇಕು, ಎರಚದೆ ಸಾಲಿನಲ್ಲಿ ಬೇರಿನ ಹತ್ತಿರ ಹಾಕಬೇಕು, ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿದರೆ ಇನ್ನೂ ಒಳ್ಳೆಯದು. ಪರೀಕ್ಷೆಯ ವಿಧಾನವೂ ಬೇರೆ. ಆಮ್ಲೀಯ ಮಣ್ಣಿಗೆ 1945ರಲ್ಲಿ ಬ್ರೇ ಮತ್ತು ಕರ್ಟ್ಜ್ ಕೊಟ್ಟ ದ್ರಾವಣ, ಸುಣ್ಣದ ಮಣ್ಣಿಗೆ 1954ರಲ್ಲಿ ಓಲ್ಸನ್ ಮತ್ತು ಸಂಗಡಿಗರು ಕೊಟ್ಟ ಸೋಡಿಯಂ ಬೈಕಾರ್ಬೊನೇಟ್ ದ್ರಾವಣ. ಬ್ರೇಯವರ ಆಮ್ಲ ಸುಣ್ಣಕ್ಕೆ ಸಿಕ್ಕಿ ತಟಸ್ಥವಾಗುವುದರಿಂದ ಆ ವಿಧಾನ ಸುಣ್ಣದ ಮಣ್ಣಿನಲ್ಲಿ ಇರುವ ರಂಜಕವನ್ನೂ ಇಲ್ಲವೆಂದು ತೋರಿಸಬಹುದು. 2015ರಿಂದ ಮಣ್ಣು ಆರೋಗ್ಯ ಚೀಟಿ ಮನೆಮನೆಗೆ ಬಂದಿದೆ. ಚೀಟಿಯ ಅಂಕಿ ಯಾವ ವಿಧಾನದಿಂದ ಬಂತು ಎಂದು ಕೇಳುವ ಹಕ್ಕು ರೈತರಿಗಿದೆ, ಕೇಳಬೇಕು.

ಎರಡನೆಯದು ಕಬ್ಬಿಣ. ಕೆಳದಂಡೆಯಲ್ಲಿ ಕುಳೆ ಕಬ್ಬು, ಶೇಂಗಾ ಎಳೆಯ ಎಲೆ ಬಿಳಿಚಿಕೊಂಡು ನಿಂತಿದ್ದರೆ ಹತ್ತಿರ ಹೋಗಿ ನೋಡಿ. ಎಲೆಯ ನರಗಳು ಹಸಿರು, ನಡುವಿನ ಜಾಗ ಹಳದಿ ಅಥವಾ ಬಿಳಿ, ಅದೂ ತುದಿಯ ಹೊಸ ಎಲೆಯಲ್ಲಿ ಮೊದಲು. ಹಾಗಿದ್ದರೆ ಅದು ಕಬ್ಬಿಣದ ಕೊರತೆ. ಸಾರಜನಕದ ಕೊರತೆಯಾದರೆ ಬುಡದ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಇಷ್ಟು ನೋಡದೆ ಹಳದಿ ಕಂಡ ಕೂಡಲೇ ಯೂರಿಯಾ ಚೀಲ ಬಿಚ್ಚುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸುಣ್ಣದ ಮಣ್ಣಿನ ಮೇಲೆ ಎರಚಿದ ಯೂರಿಯಾದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಎಲೆ ಹಳದಿಯಾಗಿಯೇ ಇರುತ್ತದೆ. ಅಂಗಡಿಯಲ್ಲಿ ಅನ್ನಭೇದಿ ಎಂದು ಸಿಗುವ ಕಬ್ಬಿಣದ ಸಲ್ಫೇಟನ್ನು ಅರ್ಧ ಶೇಕಡಾ ದ್ರಾವಣವಾಗಿ ಎಲೆಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ. ಮಣ್ಣಿಗೆ ಬರಿದೇ ಸುರಿದರೆ ಸುಣ್ಣ ಅದನ್ನು ಬೇಗ ಕರಗದ ರೂಪಕ್ಕೆ ತಳ್ಳುತ್ತದೆ. ಮಣ್ಣಿಗೇ ಹಾಕಬೇಕೆಂದಿದ್ದರೆ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಇಟ್ಟು ಹಾಕಬೇಕು. ಸತುವಿನ ಕಥೆಯೂ ಹೆಚ್ಚುಕಡಿಮೆ ಇದೇ. ಡಿಟಿಪಿಎ ಪರೀಕ್ಷೆಯಲ್ಲಿ ಸತು 0.6 ಪಿಪಿಎಂಗಿಂತ, ಕಬ್ಬಿಣ 4.5ಕ್ಕಿಂತ ಕಡಿಮೆ ಬಂದರೆ ಕೊರತೆ ಎಂದು ತಿಳಿಯುತ್ತಾರೆ.

ಸಕ್ಕರೆ ಕಾರ್ಖಾನೆಗಳ ಜಿಲ್ಲೆ ನಮ್ಮದು, ಪ್ರೆಸ್‌ಮಡ್, ಅಂದರೆ ಕಬ್ಬಿನ ಹಾಲು ಸೋಸಿ ಉಳಿದ ಗಸಿ, ಧಾರಾಳವಾಗಿ ಸಿಗುತ್ತದೆ. ಕಬ್ಬಿನ ಹಾಲನ್ನು ಗಂಧಕದ ವಿಧಾನದಿಂದ ತಿಳಿಗೊಳಿಸಿದ ಕಾರ್ಖಾನೆಯ ಪ್ರೆಸ್‌ಮಡ್ ಸುಣ್ಣದ ಹೊಲಕ್ಕೆ ಒಳ್ಳೆಯ ಗೊಬ್ಬರ. ಕಾರ್ಬೊನೇಷನ್ ವಿಧಾನದ್ದಾದರೆ ಅದರಲ್ಲೇ ಸುಣ್ಣ ತುಂಬಿರುತ್ತದೆ, ಅದು ಖಾನಾಪುರದ ಆಮ್ಲೀಯ ಹೊಲಕ್ಕೆ ಹೋಗಬೇಕಾದದ್ದು. ಟ್ರ್ಯಾಕ್ಟರ್ ಹೇಳುವ ಮೊದಲು ಕೇಳಿಕೊಳ್ಳಿ.

ಬೆಳಗಾವಿ ನಗರದ ಅಂಚಿನ ಗದ್ದೆಗಳ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಯಳ್ಳೂರು, ವಡಗಾವಿ, ಶಹಾಪುರದ ಕರಿನೆಲ, ಬಾಸುಮತಿ ಭತ್ತಕ್ಕೆ ಹೆಸರಾದ ನೆಲ. ಬಳ್ಳಾರಿ ನಾಲೆ ಉಕ್ಕಿದಾಗಲೆಲ್ಲ ಮುಳುಗುವ ನೆಲ. ಅದು ಜೇಡಿನೆಲ, ನಾನು ಇಷ್ಟು ಹೊತ್ತು ಹೇಳಿದ ಗೋಡುಮಣ್ಣಲ್ಲ. ಆದರೂ ಅಲ್ಲಿಗೆ ಹೊಂದುವ ಒಂದು ಸಂಗತಿ ಇದೆ. ಸುಣ್ಣವಿರುವ ಮಣ್ಣಿನಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆದರೆ, ಕೆಲವು ವಾರಗಳಲ್ಲಿ ಇಂಗಾಲದ ಡೈಆಕ್ಸೈಡ್ ಒಳಗೇ ಕೂಡಿ ರಸಸಾರ ಏಳರ ಕಡೆ ಇಳಿಯುತ್ತದೆ, ಕಬ್ಬಿಣ ಕರಗುವ ರೂಪಕ್ಕೆ ಬರುತ್ತದೆ. ಗದ್ದೆಯ ಭತ್ತ ಹಸಿರಾಗಿದ್ದು, ಅದೇ ಬಗೆಯ ಮಣ್ಣಿನ ಒಣ ಬೇಸಾಯದಲ್ಲಿ ಎಲೆ ಬಿಳಿಚುವುದು ಹೀಗೆ. ಗದ್ದೆಯನ್ನು ತೋಟವಾಗಿ ಮಾಡಲು, ತರಕಾರಿಗೆ ತಿರುಗಿಸಲು ಹೊರಟವರು ಮೊದಲು ಎರಡು ಮಾದರಿ ತೆಗೆಯಿರಿ, ಮೇಲಿನ 15 ಸೆಂ.ಮೀ.ಯದು ಒಂದು, 30ರಿಂದ 60 ಸೆಂ.ಮೀ.ಯದು ಇನ್ನೊಂದು. ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಕಟ್ಟಿ, ಕೆಳಗಿನ ಮಾದರಿಗೆ ಸುಣ್ಣದ ಶೇಕಡಾವಾರು ಬರೆದು ಕೊಡಿ ಎಂದು ಪ್ರಯೋಗಾಲಯದವರಿಗೆ ಹೇಳಿ.